ಸಿಕಲ್ ಸೆಲ್ ಇದ್ದವರಿಗೆ ಮಲೇರಿಯಾ ಬರುವುದಿಲ್ಲವೇ? ಒಂದು ಸ್ಪಷ್ಟನೆ

‘ಸಿಕಲ್ ಸೆಲ್ ಕಾಯಿಲೆ ಇರುವವರಿಗೆ ಮಲೇರಿಯಾ ತಟ್ಟುವುದಿಲ್ಲ, ಸೊಳ್ಳೆಪರದೆಯೂ ಬೇಕಿಲ್ಲ’ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಅರ್ಧ ಸತ್ಯಕ್ಕೆ ಪೂರ್ತಿ ಸುಳ್ಳು ಅಂಟಿಕೊಂಡಿರುವ ಮಾತಿದು. ಸಿಕಲ್ ಸೆಲ್ ಎಂದರೆ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಬೇಗ ಒಡೆಯುವ, ಹೆತ್ತವರ ಜೀನ್ ಮೂಲಕ ಬರುವ ಕಾಯಿಲೆ.

ಸತ್ಯದ ಅರ್ಧ ಇಷ್ಟು: ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಸಿಕಲ್ ಸೆಲ್ ಜೀನ್ ಪಡೆದವರು ‘ವಾಹಕರು’. ಅವರಿಗೆ ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಂ ವಿಷಮಿಸುವ ಅಪಾಯ ಬಹಳ ಕಡಿಮೆ. ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ನಡೆಸಿದ ಆಂಥನಿ ಆಲಿಸನ್ 1954ರಲ್ಲಿಯೇ ಇದನ್ನು ತೋರಿಸಿಕೊಟ್ಟರು. ಆದರೆ ಅಪಾಯ ಕಡಿಮೆ ಎಂದರೆ ಸೋಂಕೇ ತಗಲುವುದಿಲ್ಲ ಎಂದಲ್ಲ. ಮಂಗಳೂರಿನವರಿಗೆ ಚಿರಪರಿಚಿತವಾದ, ವೈವ್ಯಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾಕ್ಕೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸುವಂತೆಯೂ ಇಲ್ಲ.

ತಂದೆ ತಾಯಿ ಇಬ್ಬರಿಂದಲೂ ಈ ಜೀನ್ ಬಂದವರೇ ರೋಗಿಗಳು. ಅವರ ಕತೆ ತಲೆಕೆಳಗು. ರೋಗಾಣುಗಳನ್ನು ಸೋಸುವ ಗುಲ್ಮ ಅನೇಕರಲ್ಲಿ ಬಾಲ್ಯದಲ್ಲಿಯೇ ಹಾಳಾಗಿರುತ್ತದೆ. ಮೊದಲೇ ಕೆಂಪು ರಕ್ತಕಣಗಳ ಕೊರತೆ. ಮಲೇರಿಯಾ ಬಂದರೆ ಉಳಿದವೂ ಒಡೆದು ರಕ್ತಹೀನತೆ ಪ್ರಾಣಕ್ಕೇ ಸಂಚಕಾರ ತರಬಹುದು. ಸೊಳ್ಳೆಪರದೆ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಇವರಿಗೇ! ಸಂದೇಶ ಬರೆದವರು ವಾಹಕರನ್ನೂ ರೋಗಿಗಳನ್ನೂ ಒಂದೇ ತಕ್ಕಡಿಗೆ ಹಾಕಿದ್ದಾರೆ.

ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಈ ಗೊಂದಲ ದುಬಾರಿಯಾದೀತು. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡವರು ತಾವು ವಾಹಕರೋ ರೋಗಿಗಳೋ ಎಂದು ಕೇಳಿ ತಿಳಿಯಬೇಕು. ಜ್ವರ ಬಂದರೆ ಇಬ್ಬರಿಗೂ ಮಲೇರಿಯಾ ತಪಾಸಣೆ ಆಗಲೇಬೇಕು, ರೋಗಿಗಳಿಗಂತೂ ಅದೇ ದಿನ.