ಸಿಡಿಯದ ಕಾಡತೂಸನ್ನು ಬಿಸಿಲಿಗಿಟ್ಟರೆ ಸರಿಹೋಗುವುದಿಲ್ಲ: ಒಂದು ಸ್ಪಷ್ಟನೆ

ರೈಫಲ್ ಕಾಡತೂಸು ಸಿಡಿಯದಿರುವುದಕ್ಕೆ ಪ್ರೈಮರಿಗೆ (ಕಾಡತೂಸಿನ ಬುಡದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಬಟ್ಟಲಿಗೆ) ತಗುಲಿದ ಮಳೆಗಾಲದ ತೇವವೇ ಕಾರಣ, ಎರಡು ದಿನ ಬಿಸಿಲಿಗಿಟ್ಟು ಮೊಳೆಯಿಂದ ಒಳಕ್ಕೆ ಒತ್ತಿದರೆ ಮತ್ತೆ ಬಳಸಬಹುದು ಎಂಬ ಸಂದೇಶವೊಂದು ಹಾವೇರಿ, ರಾಣೆಬೆನ್ನೂರು ಭಾಗದಲ್ಲಿ ಗೋವಿನಜೋಳದ ಹೊಲ ಕಾಯಲು ಪರವಾನಗಿ ಪಡೆದ ರೈತರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದು ಕಣ್ಣು, ಬೆರಳು ಕಳೆಯಬಲ್ಲ ಸಲಹೆ. ಪ್ರೈಮರ್ ಸಿಡಿಯುವುದೇ ಪೆಟ್ಟು ಬಿದ್ದಾಗ. ಮದ್ದು ತುಂಬಿದ ಕಾಡತೂಸಿನಲ್ಲಿ ಅದನ್ನು ಮೊಳೆಯಿಂದ ಒತ್ತುವುದೂ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವುದೂ ಒಂದೇ.

ತೇವ ಹಲವು ಕಾರಣಗಳಲ್ಲಿ ಒಂದು ಮಾತ್ರ. ಪ್ರೈಮರಿನ ಮೇಲೆ ಪೆಟ್ಟು ಬಿದ್ದ ಗುಳಿಯನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ: ಗುಳಿ ಆಳವಿಲ್ಲದಿದ್ದರೆ ಸಾಮಾನ್ಯವಾಗಿ ದೋಷ ಬಂದೂಕಿನದು, ಅಂದರೆ ಸ್ಪ್ರಿಂಗ್ ಸೋತಿರುತ್ತದೆ ಅಥವಾ ಪ್ರೈಮರಿಗೆ ಪೆಟ್ಟು ಕೊಡುವ ಕಡ್ಡಿಯಾದ ಫೈರಿಂಗ್ ಪಿನ್ ಸುತ್ತ ಗ್ರೀಸ್ ಗಟ್ಟಿಯಾಗಿರುತ್ತದೆ. ಪ್ರೈಮರ್ ಪೂರ್ತಿ ಒಳಗೆ ಕೂರದೆ ಉಬ್ಬಿದ್ದರೆ ಮೊದಲ ಪೆಟ್ಟು ಅದನ್ನು ಕೂರಿಸುವುದರಲ್ಲೇ ವ್ಯಯವಾಗಿ, ಎರಡನೆಯ ಪೆಟ್ಟಿಗೆ ಸಿಡಿಯುತ್ತದೆ; ‘ಒಣಗಿಸಿದ್ದಕ್ಕೆ ಸರಿಹೋಯಿತು’ ಎಂಬ ಭ್ರಮೆ ಹುಟ್ಟುವುದು ಬಹುಶಃ ಇಲ್ಲಿಯೇ.

ಕುದುರೆ ಎಳೆದೂ ಸಿಡಿಯದಿದ್ದಾಗ ಬೋಲ್ಟನ್ನು (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗವನ್ನು) ತಕ್ಷಣ ತೆರೆಯಬಾರದು. ಕಿಡಿ ತಡವಾಗಿ ಹೊತ್ತಿಕೊಳ್ಳುವುದುಂಟು. ಆದ್ದರಿಂದ ನಳಿಗೆಯನ್ನು ನಿರಪಾಯದ ದಿಕ್ಕಿನಲ್ಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಎಣ್ಣೆ ಬಿಟ್ಟರೆ ಪ್ರೈಮರ್ ಸಾಯುತ್ತದೆ ಎಂಬ ಮಾತನ್ನೂ ನಂಬಬಾರದು, ಅದು ಆಮೇಲೂ ಸಿಡಿಯಬಹುದು.

ಇನ್ನು ಮನೆಯಲ್ಲೇ ಕಾಡತೂಸು ತುಂಬುವ ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು, ಬಂದೂಕು ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು.