ಕೊನೆಗೌಡ ಸಿಗುವುದಿಲ್ಲ ಎಂದು ಗೊಣಗುವ ಮೊದಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೂ, ಅಡಿಕೆ ವ್ಯಾಪಾರದ ಅಂಗಳದಲ್ಲಿ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: "ಕೊನೆಗೌಡ ಸಿಕ್ತ್ನಿಲ್ಲೆ ಮಾರಾಯ." ಕೊನೆಗೌಡ ಎಂದರೆ ಅಡಿಕೆ ಮರ ಏರಿ ಔಷಧಿ ಹೊಡೆಯುವವನು, ಕೊನೆ (ಅಡಿಕೆ ಗೊನೆ) ಕೊಯ್ಯುವವನು. ಆ ಮಾತಿನ ಬೆನ್ನಿಗೇ ಕಾರಣವೂ ಬರುತ್ತದೆ. ಈಗಿನವರಿಗೆ ಮೈ ಬಗ್ಗುವುದಿಲ್ಲ, ಅಕ್ಕಿ ಪುಕ್ಕಟೆ ಸಿಗುತ್ತದೆ, ಮೊಬೈಲು ಕೈಯಲ್ಲಿದೆ, ಇನ್ಯಾಕೆ ಮರ ಹತ್ತುತ್ತಾರೆ.

ಹೀಗೆ ಹೇಳುವವರ ಮಗ ಬೆಂಗಳೂರಿನ ಕಂಪನಿಯಲ್ಲಿರುತ್ತಾನೆ, ಅದನ್ನೂ ಅದೇ ಪಂಕ್ತಿಯಲ್ಲಿ ಅಭಿಮಾನದಿಂದಲೇ ಹೇಳುತ್ತಾರೆ. ತೋಟ ಬಿಟ್ಟು ಹೋದವನು ನಮ್ಮ ಮನೆಯವನಾದರೆ ಅದು ಮುಂದೆ ಬಂದದ್ದು. ಗೌಡನ ಮಗ ಗೋವಾಕ್ಕೋ ಹುಬ್ಬಳ್ಳಿಗೋ ಹೋದರೆ ಅದು ಸೋಮಾರಿತನ. ಇಬ್ಬರೂ ಮಾಡಿದ ಲೆಕ್ಕಾಚಾರ ಒಂದೇ ಎಂದು ಒಪ್ಪಿಕೊಳ್ಳಲು ನಮಗೆ ಯಾಕೆ ಇಷ್ಟು ಕಷ್ಟ?

ಆ ಲೆಕ್ಕವನ್ನೇ ನೋಡೋಣ. ಮರ ಏರುವವನ ದಿನದ ಕೂಲಿ ತೋಟದ ಬೇರೆ ಕೆಲಸಕ್ಕಿಂತ ಬಹಳ ಹೆಚ್ಚು, ನಿಜ. ಆದರೆ ವರ್ಷದಲ್ಲಿ ಅಂಥ ದಿನ ಎಷ್ಟು? ಕಾಯಿ ಉದುರಿಸುವ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಮೊದಲ ಸುತ್ತು ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ, ಮಳೆ ಹಿಡಿಯುವ ಮುಂಚೆ ಮುಗಿಯಬೇಕು. ಎರಡನೆಯದು 40-45 ದಿನ ಬಿಟ್ಟು, ಅಂದರೆ ಸರಿಯಾಗಿ ಆಷಾಢದ ಜಡಿಮಳೆಯ ನಡುವೆ. ಮಳೆ ಎಳೆದರೆ ಮೂರನೆಯದು. ಆಮೇಲೆ ನವೆಂಬರ್‌ನಿಂದ ಫೆಬ್ರವರಿವರೆಗೆ ಕೊನೆ ಕೊಯ್ಲು. ಕೊಯ್ಲು ನಾಲ್ಕು ತಿಂಗಳಿಗೆ ಹರಡಿಕೊಳ್ಳುತ್ತದೆ, ನಾಲ್ಕು ದಿನ ಹಿಂದೆಮುಂದೆ ಆದರೂ ನಡೆಯುತ್ತದೆ. ಔಷಧಿ ಹಾಗಲ್ಲ. ಜುಲೈಯಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾದರೆ ಇಡೀ ಸೀಮೆಯ ತೋಟಗಳಿಗೆಲ್ಲ ಅದೇ ಎರಡು ದಿನ, ಅದೇ ಗೌಡ ಬೇಕು. ಊರಿನಲ್ಲಿ ಈಗಿರುವುದರ ಎರಡು ಪಟ್ಟು ಜನ ಇದ್ದರೂ ಆ ವಾರ ಸಾಕಾಗುವುದಿಲ್ಲ. ಉಳಿದ ತಿಂಗಳುಗಳಲ್ಲಿ ಅವನಿಗೆ ಏನು ಕೆಲಸ ಎಂದು ಯಾರೂ ಫೋನ್ ಮಾಡಿ ಕೇಳುವುದೂ ಇಲ್ಲ.

ಇನ್ನು ಆ ಕೆಲಸ ಎಂಥದ್ದು? 9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಹಳೆಯ ಮರ 50-60 ಅಡಿ. ಮಳೆಗಾಲದಲ್ಲಿ ಮರದ ಮೈಮೇಲೆ ಹಾವಸೆ, ಹಿಡಿದಲ್ಲೆಲ್ಲ ಜಾರಿಕೆ. ಕಾಲಿಗೆ ಹಗ್ಗದ ಕುಣಿಕೆ ಹಾಕಿ ಏರುತ್ತಾನೆ, ಮೇಲೆ ಹೋದ ಮೇಲೆ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟುತ್ತಾನೆ. ದಾಟುವ ಮುಂಚೆ ಆ ಮರ ತನ್ನ ಭಾರ ತಡೆಯುತ್ತದೋ ಇಲ್ಲವೋ ಎಂದು ಕೈಯಲ್ಲೇ ಅಂದಾಜು ಮಾಡಬೇಕು. ಬುಡ ಕೊಳೆತ ಮರ, ಸುಳಿ ಸತ್ತ ಮರ, ಬಿಸಿಲಿಗೆ ಸೀಳಿದ ಮರ ಯಾವುದು ಎಂದು ಗುರುತಿಸುವ ಈ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲ, ಹಾಗಾಗಿ ನಾವು ಅದನ್ನು ವಿದ್ಯೆ ಎಂದು ಎಣಿಸಿಯೇ ಇಲ್ಲ.

ಅವನು ಹೊಡೆಯುವ ಔಷಧಿ, ಬೋರ್ಡೋ ದ್ರಾವಣ, ನಮ್ಮದಲ್ಲ, 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗವನ್ನು ಅಭ್ಯಾಸ ಮಾಡಿ ಈ ಔಷಧಿಯ ದಾರಿ ತೋರಿಸಿದರು. ಅದಕ್ಕೂ ಮೊದಲು ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಕೊಟ್ಟೆ ಕಟ್ಟಲೂ ಒಬ್ಬ ಮೇಲೆ ಹೋಗಲೇಬೇಕಿತ್ತು. ಔಷಧಿ ಬಂತು, ಪಂಪು ಬಂತು, ಪೈಪು ಬಂತು, ಮೇಲೆ ಹೋಗುವವನು ಮಾತ್ರ ಹಾಗೇ ಉಳಿದ.

ಅವನ ಕಷ್ಟದಲ್ಲಿ ಅರ್ಧ ಕೆಳಗೆ ನಿಂತವರ ಕೈಯಲ್ಲಿದೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಡುಸುಣ್ಣ. ಮೈಲುತುತ್ತದ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಹಿಂದಿನ ರಾತ್ರಿಯೇ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟರೆ ಬೆಳಗ್ಗೆ ಪೂರ್ತಿ ಕರಗಿರುತ್ತದೆ, ತಳಕ್ಕೆ ಸುರಿದರೆ ಅಲ್ಲೇ ಕೂರುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಕಬ್ಬಿಣದ ಡ್ರಮ್ಮಿಗೆ ಹಾಕಿದರೆ ತಾಮ್ರ ಅದಕ್ಕೇ ಹಿಡಿಯುತ್ತದೆ. ಸುಣ್ಣವನ್ನು ಬೇರೆ ಅರಳಿಸಿ, ಪೂರ್ತಿ ತಣಿದ ಮೇಲೆ ಉಳಿದ 50 ಲೀಟರ್ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕದಡಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು, ದ್ರಾವಣ ದಪ್ಪಗಾಗಿ ಒಡೆಯುತ್ತದೆ. ಕೊನೆಗೆ ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದು ನೋಡುವುದು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ, ಎಳೆಕಾಯಿ ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಬೇಕು. ವರ್ಷದ ಹಿಂದೆ ತಂದು ಗಾಳಿಗೆ ಪುಡಿಯಾದ ಸುಣ್ಣ ತೂಕಕ್ಕೆ ಮಾತ್ರ 1 ಕೆಜಿ, ಅದಕ್ಕೆ ಸತ್ವವಿಲ್ಲ. ಕಲಸಿದ್ದು ಅಂದೇ ಮುಗಿಯಬೇಕು.

ಇಲ್ಲಿ ಒಬ್ಬರು ಉದಾಸೀನದಿಂದ ಸುಣ್ಣ ಸೋಸದೆ ಬಿಟ್ಟರೆ ಏನಾಗುತ್ತದೆ? ಮೇಲೆ ಪೈಪಿನ ತುದಿಯ ನಾಜಲ್ ಕಟ್ಟಿಕೊಳ್ಳುತ್ತದೆ. 50 ಅಡಿ ಎತ್ತರದಲ್ಲಿ ಒಂದು ಕೈಯಲ್ಲಿ ಮರ, ಒಂದು ಕೈಯಲ್ಲಿ ಪೈಪು ಹಿಡಿದವನು ಹಲ್ಲಿನಿಂದ ನಾಜಲ್ ಬಿಚ್ಚಿ, ಕಡ್ಡಿ ಹಾಕಿ ಕೆರೆದು, ಮತ್ತೆ ತಿರುಪಬೇಕು. ಪಂಪಿನ ಒತ್ತಡ ತೆಗೆಯದಿದ್ದರೆ ಸುಣ್ಣ-ತಾಮ್ರದ ನೀರು ನೇರ ಕಣ್ಣಿಗೆ. ಕೆಳಗಿನಿಂದ ನಾವು ಕೂಗುತ್ತೇವೆ, "ಎಂತಾತೋ, ಯಾಕೆ ನಿಲ್ಸಿದ್ದೆ?" ಒಂದು ಹಳೆ ಪಂಚೆಯ ತುಂಡಿನಲ್ಲಿ ಮುಗಿಯುವ ಕೆಲಸ ಇದು.

ಕೊಳೆ ರೋಗಕ್ಕೆ ಬೇಲಿಯ ಗೊಡವೆ ಇಲ್ಲ. ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಲೆ, ಆಮೇಲೆ ತೊಟ್ಟು ಮರದಲ್ಲೇ ಉಳಿದು ಕಾಯಿ ಮಾತ್ರ ಉದುರುವುದು, ಉದುರಿದ ಕಾಯಿಯ ಮೇಲೆ ಬಿಳಿ ಬೂಸ್ಟು, ಮಳೆ ಹನಿಯ ಸಿಡಿತ ಮತ್ತು ಗಾಳಿಯಲ್ಲಿ ಅದರ ಬೀಜ ಪಕ್ಕದ ಮರಕ್ಕೆ. ಗೌಡ ಮೊದಲು ಹೋಗುವುದು ದೊಡ್ಡ ತೋಟಕ್ಕೆ, ಮುಂಗಡ ಕೊಟ್ಟವರಿಗೆ. ತಗ್ಗಿನಲ್ಲಿ 10 ಗುಂಟೆ ಇಟ್ಟುಕೊಂಡ ವಿಧವೆಯ ತೋಟಕ್ಕೆ ಆಗಸ್ಟ್ ಆದರೂ ಔಷಧಿ ಬೀಳುವುದಿಲ್ಲ. ಹೊತ್ತಿಗೆ ಸರಿಯಾಗಿ ಎರಡು ಸುತ್ತು ಹೊಡೆಸಿದ ದೊಡ್ಡ ತೋಟದಲ್ಲೂ ಅಂಚಿನ ಸಾಲು ಕೊಳೆಯುವುದು ಯಾಕೆ ಎಂದು ಕೇಳುವವರು ಮೊದಲು ಆ ತಗ್ಗಿನ ಕಡೆ ನೋಡಬೇಕು. ಉದುರಿದ್ದನ್ನು ಹೆಕ್ಕಿ ಹೊರಗೆ ಸುಡುವುದು ಕೂಡ ಒಬ್ಬರ ತೋಟದಲ್ಲಿ ಮಾತ್ರ ನಡೆದರೆ ಅರ್ಧ ಪ್ರಯೋಜನ. ನಮ್ಮ ಸೌಖ್ಯ ನೆರೆಯವರ ಸೌಖ್ಯದಲ್ಲಿದೆ ಎಂಬುದನ್ನು ನಾವು ಪ್ರವಚನದಲ್ಲಿ ತಲೆದೂಗಿ ಕೇಳುತ್ತೇವೆ, ಬೇಲಿಯ ಹತ್ತಿರ ಮರೆಯುತ್ತೇವೆ.

ಗೌಡ ಬಿದ್ದರೆ? ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಎಂದೊಂದಿದೆ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರಿಗಾದರೂ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಮರದಿಂದ ಬಿದ್ದದ್ದೂ ಇದರಲ್ಲಿ ಬರುತ್ತದೆ, ಆದರೆ ಕೂಡಲೇ ಆಸ್ಪತ್ರೆಗೆ ಸೇರಿಸಿದ ದಾಖಲೆ ಬೇಕು. ಊರ ಮದ್ದು ಮಾಡಿ ಮೂರು ದಿನ ಕಳೆದ ಮೇಲೆ ಹೋದರೆ ಕಾಗದ ನಿಲ್ಲುವುದಿಲ್ಲ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಆ ಹೊತ್ತಿಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ತಪ್ಪುತ್ತದೆ, ಮೊದಲ ಔಷಧಿಯ ಕಾಲವೂ ಅದೇ. ಇನ್ನು ಬದುಕಿ ಹಾಸಿಗೆ ಹಿಡಿದರೆ ಆಸ್ಪತ್ರೆಯ ಬಿಲ್ಲನ್ನು ಈ ಯೋಜನೆ ಕೊಡುವುದಿಲ್ಲ, ಅದಕ್ಕೆ ಬೇರೆ ವಿಮೆಯೇ ಬೇಕು. ಒಂದು ಮೂಟೆ ಮೈಲುತುತ್ತಕ್ಕೆ ಚೌಕಾಸಿ ಮಾಡಿ ಉಳಿಸುವ ದುಡ್ಡಿನ ಮುಂದೆ ಅವನ ವಿಮೆಯ ಕಂತು ದೊಡ್ಡದಲ್ಲ.

ಉದ್ದ ಕೋಲಿನ ದೋಟಿ ಬಂದಿದೆಯಲ್ಲ ಎನ್ನುತ್ತಾರೆ. ಕಾರ್ಬನ್ ಫೈಬರ್ ದೋಟಿ ಒಳ್ಳೆಯದೇ, ನೆಲದ ಮೇಲೆ ನಿಂತು ಕೊಯ್ಯಬಹುದು, ಔಷಧಿಯೂ ಹೊಡೆಯಬಹುದು. ಆದರೆ ಕತ್ತು ಮೇಲೆತ್ತಿ ದಿನವಿಡೀ ನಿಲ್ಲುವ ಕಸುಬು ಬೇರೆ, ಹಿಂಬದಿಯ ಕೊನೆಗೆ ಔಷಧಿ ಬಿತ್ತೋ ಇಲ್ಲವೋ ಕೆಳಗಿನಿಂದ ಕಾಣುವುದಿಲ್ಲ. ಕಾರ್ಬನ್ ಫೈಬರ್‌ನಲ್ಲಿ ಕರೆಂಟು ಹರಿಯುತ್ತದೆ, ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿಗೆ ದೋಟಿ ಒಯ್ಯಲೇಬಾರದು. ಯಂತ್ರ ಬಂದರೂ ಅದನ್ನು ಹಿಡಿಯಲು ಮನುಷ್ಯನೇ ಬೇಕು, ಅವನಿಗೂ ವರ್ಷಪೂರ್ತಿ ಅನ್ನ ಬೇಕು.

ಒಟ್ಟಿಗೆ ಮಾರಬೇಕು ಎನ್ನುವುದನ್ನು ಇಲ್ಲಿನ ತೋಟಿಗರು 1923ರಲ್ಲೇ ಸೊಸೈಟಿ ಕಟ್ಟಿ ಕಲಿತರು. ಒಟ್ಟಿಗೆ ಕೊಯ್ಯಿಸುವುದನ್ನು ಮಾತ್ರ ಇನ್ನೂ ಮನೆಮನೆಯ ಗುಟ್ಟಾಗಿ ಇಟ್ಟುಕೊಂಡಿದ್ದೇವೆ, ಗೌಡನ ಫೋನ್ ನಂಬರನ್ನು ಭಾವನಿಗೂ ಕೊಡುವುದಿಲ್ಲ. ಹತ್ತು ಮನೆಯವರು ಸೇರಿ ಇಬ್ಬರನ್ನು ವರ್ಷಕ್ಕೆ ಗೊತ್ತು ಮಾಡಿಕೊಂಡರೆ ಔಷಧಿ, ಕೊನೆ, ಜನವರಿ ನಂತರದ ಕಾಳುಮೆಣಸಿನ ಕೊಯ್ಲು, ಬೇಸಿಗೆಯಲ್ಲಿ ಬೆಟ್ಟದ ಸೊಪ್ಪು ಕಡಿಯುವುದು, ತೋಟದ ಕಾಲುವೆ ಬಿಡಿಸುವುದು ಎಲ್ಲ ಸೇರಿ ತಿಂಗಳು ತುಂಬುತ್ತದೆ. ಮಳೆ ಬಿಡದ ದಿನಕ್ಕೂ ಅರ್ಧ ಕೂಲಿ ಎಂದು ಮೊದಲೇ ಮಾತಾಗಿರಬೇಕು, ಇಲ್ಲದಿದ್ದರೆ ಒದ್ದೆ ಮರ ಹತ್ತುವ ಒತ್ತಾಯ ತಾನಾಗಿ ಬರುತ್ತದೆ. ಜುಲೈಯ ಹೊಳವಿನಲ್ಲಿ ಯಾರ ತೋಟ ಮೊದಲು ಎಂಬಲ್ಲಿ ಜಗಳ ಆಗಿಯೇ ಆಗುತ್ತದೆ. ಅದಕ್ಕೆ ಹಿಂದಿನ ವರ್ಷ ಯಾವ ತೋಟದಲ್ಲಿ ಕೊಳೆ ಹೆಚ್ಚಿತ್ತೋ ಅಲ್ಲಿಂದ ಸುರು, ತಗ್ಗಿನ 10 ಗುಂಟೆಯೂ ಆ ಸರದಿಯಲ್ಲೇ.