ಚೆಂಡಿನ ಮೇಲೆ ಹತ್ತು ಕಿಲೋ ಪೌರುಷ

ಜಿಮ್ಮಿನ ಮೂಲೆಯ ಆ ನೀಲಿ ಚೆಂಡು, ಅದೇ ಮೇಲೆ ಒರಗಿ ಹೊಟ್ಟೆಯ ಕ್ರಂಚ್ (ತಲೆ-ಭುಜ ಮೇಲೆತ್ತುವ ವ್ಯಾಯಾಮ) ಮಾಡುವ ದೊಡ್ಡ ಚೆಂಡು, ಇವತ್ತೂ ಗಾಳಿ ಹೋಗಿ, ಮುಖ ಊದಿಸಿಕೊಳ್ಳುವ ಶಕ್ತಿಯೂ ಇಲ್ಲದೆ ಬಿದ್ದಿದೆ. ಪಂಪು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ; ಅದರ ಮೇಲೆ ಕೂತು ಫೋನ್ ತೀಡೋದು ಮಾತ್ರ ಎಲ್ಲರಿಗೂ ಗೊತ್ತು.

ಚೆಂಡಿಗೂ ಒಂದು ಅಳತೆ ಇದೆ ಸ್ವಾಮಿ. ಐದರಿಂದ ಐದೂವರೆ ಅಡಿಯವರಿಗೆ ಸಾಮಾನ್ಯವಾಗಿ 55 ಸೆಂ.ಮೀ. ವ್ಯಾಸದ್ದು, ಅದಕ್ಕಿಂತ ಎತ್ತರದವರಿಗೆ ಸಾಮಾನ್ಯವಾಗಿ 65. ಕೂತಾಗ ತೊಡೆ ನೆಲಕ್ಕೆ ಸಮವಾಗಿರಬೇಕು. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಗಾಳಿ ಸಾಲದು, ಇಲ್ಲವೇ ಚೆಂಡೇ ಚಿಕ್ಕದು. ಕೆಳಗೆ ಜಾರದ ರಬ್ಬರ್ ಮ್ಯಾಟ್ ಬೇಕು. ಜೇಬಿನ ಬೈಕ್ ಕೀ, ಸೇಫ್ಟಿ ಪಿನ್ ಎಲ್ಲ ಆಚೆ. 'ಆ್ಯಂಟಿ ಬರ್ಸ್ಟ್' ಅಂದರೆ ತೂತಾಗೋದಿಲ್ಲ ಅಂತಲ್ಲ, ಢಂ ಅನ್ನದೆ ನಿಧಾನಕ್ಕೆ ಇಳಿಯುತ್ತೆ ಅಂತ. ತೂತಾದದ್ದಕ್ಕೆ ಪಂಕ್ಚರ್ ಹಾಕಿಸಿ ತರುವ ಜಾಣರೂ ಇದ್ದಾರೆ. ಬೇಡ, ಎಸೆಯಿರಿ.

ಇಷ್ಟೆಲ್ಲ ಸರಿಯಿದ್ದ ದಿನ ಬರುತ್ತಾರೆ ಹತ್ತು ಕಿಲೋ ಮಹಾಶಯರು. ಎರಡೂವರೆ ಕಿಲೋ ಪ್ಲೇಟನ್ನು, ಅಂದರೆ ತೂಕದ ಬಿಲ್ಲೆಯನ್ನು, ಅವರು ನೋಡೋದು ಊಟದೆಲೆ ತುದಿಯ ಉಪ್ಪು ನೋಡಿದ ಹಾಗೆ. ಹತ್ತರದ್ದನ್ನೇ ಎತ್ತಿಕೊಂಡರು. ಫೋನನ್ನು ನೀರಿನ ಬಾಟಲಿಗೆ ಒರಗಿಸಿದರು. ಕೂದಲು ಸರಿಮಾಡಿಕೊಂಡರು. ಕೋನ ಸರಿಯಿಲ್ಲವೆಂದು ಎದ್ದು ಬಾಟಲಿ ತಿರುಗಿಸಿದರು, ಮತ್ತೆ ಕೂದಲು. ಕೊನೆಗೆ ಪ್ಲೇಟನ್ನು ತಲೆ ಹಿಂದೆ ಹಿಡಿದು ಒರಗಿದರೋ ಇಲ್ಲವೋ, ಭಾರವೆಲ್ಲ ತಲೆಯ ಕಡೆ ಸರಿಯಿತು, ಚೆಂಡೂ ಆ ಕಡೆಗೇ ಉರುಳಿತು, ಎರಡೂ ಪಾದ ಗಾಳಿಯಲ್ಲಿ. ಹೊಟ್ಟೆಯೊಂದನ್ನು ಬಿಟ್ಟು ಕುತ್ತಿಗೆ, ಭುಜ, ಮಾನ ಎಲ್ಲಕ್ಕೂ ವ್ಯಾಯಾಮ. "ಬಾಲ್ ಸರಿಯಿಲ್ಲ ಗುರೂ" ಅಂತ ಎದ್ದರು.

ಅಲುಗಾಡುವ ಜಾಗದಲ್ಲಿ ಶಕ್ತಿಯ ಒಂದು ಪಾಲು ಬೀಳದಂತೆ ನೋಡಿಕೊಳ್ಳೋಕೇ ಹೋಗುತ್ತೆ. ನೆಲದ ಮೇಲಿನ ತೂಕ ಇಲ್ಲಿ ನಡೆಯೋದಿಲ್ಲ. 1963ರಲ್ಲಿ ಇಟಲಿಯ ಅಕ್ವಿಲಿನೋ ಕೊಸಾನಿ ತಯಾರಿಸಿದ ಈ ಚೆಂಡು ಸ್ವಿಟ್ಜರ್ಲೆಂಡ್‌ನಲ್ಲಿ ಪುಟಾಣಿ ಮಕ್ಕಳ ಫಿಸಿಯೋಥೆರಪಿಗೆ ಬಳಕೆಯಾಯಿತು. ಬೀಳದೆ ಕೂರೋದೇ ಆ ಮಕ್ಕಳಿಗೆ ದೊಡ್ಡ ಗೆಲುವು. ಕನ್ನಡಿಯ ಗೊಡವೆ ಅವಕ್ಕೆ ಇದ್ದಿರಲಾರದು, ಪಾಪ.

ಮೊದಲು ಬರಿಗೈಲಿ ಹನ್ನೆರಡು ಸಲ ಅಲುಗಾಡದೆ ಕ್ರಂಚ್ ಮಾಡಿ. ಆಮೇಲೆ ಎರಡೂವರೆ ಕಿಲೋ. ಪ್ಲೇಟನ್ನು ಎದೆಗೆ ಅವಚಿಕೊಂಡು ಕೂತು, ಪುಟ್ಟ ಹೆಜ್ಜೆ ಮುಂದಿಡುತ್ತಾ ನಡುಬೆನ್ನಿನ ತನಕ ಚೆಂಡಿಗೆ ಆತುಕೊಳ್ಳಿ. ಪಾದಗಳ ನಡುವೆ ಭುಜದಷ್ಟು ಅಗಲ. ನಡುಗಿದರೆ ಇನ್ನೂ ಅಗಲ. ಉಸಿರು ಬಿಡುತ್ತಾ ಪಕ್ಕೆಲುಬು ಹೊಕ್ಕುಳ ಕಡೆ ಬಾಗುವಷ್ಟೇ ಏಳಿ, ಮೂರು ಎಣಿಸುತ್ತಾ ಇಳಿಯಿರಿ. ಎಲ್ಲ ಮುಗಿದ ಮೇಲೂ ಜನ ಬೀಳೋದುಂಟು. ಮಲಗಿದಲ್ಲಿಂದಲೇ ಪ್ಲೇಟನ್ನು ಪಕ್ಕಕ್ಕೆ ಚಾಚಿ ನೆಲಕ್ಕಿಡಲು ಹೋಗುತ್ತಾರೆ, ಚೆಂಡು ಕಾಯೋದಿಲ್ಲ. ಅವಚಿಕೊಂಡೇ ಹೆಜ್ಜೆ ಹಿಂದಿಟ್ಟು ಕೂತು, ಆಮೇಲೆ ಇಡಿ. ಇಲ್ಲವೇ ಪಕ್ಕದವರಿಗೆ ಇಸ್ಕೊಳ್ಳಿ ಅನ್ನಿ. ರೀಲ್ ತೆಗೆಯೋಕೆ ಓಡಿಬರುವವರು ಇದಕ್ಕೂ ಬಂದಾರು.